ಟ್ರೋಲಿಂಗ್ ಮೋಟಾರಿನ ಲೆಕ್ಕಾಚಾರ

ಸಹಸ್ರಾರು ಸರೋವರಗಳ ನಾಡೆಂದು ಹೆಸರಾದ ಮಿನ್ನೆಸೋಟದಲ್ಲಿ ನೆಲೆನಿಂತ ಕನ್ನಡಿಗನು ಒಮ್ಮೆ ಗಾಳದ ಚಟಕ್ಕೆ ಬಿದ್ದನೆಂದರೆ, ಹದಿನಾರು ಅಡಿಯ ಅಲ್ಯುಮಿನಿಯಂ ದೋಣಿಯೊಂದನ್ನು ಕೊಳ್ಳುವವರೆಗೆ ಅವನಿಗೆ ನೆಮ್ಮದಿಯಿರುವುದಿಲ್ಲ. ಕೊಂಡನಂತರವಾದರೋ, ಅದರ ಮೂತಿಗೆ ಯಾವ ಟ್ರೋಲಿಂಗ್ ಮೋಟಾರನ್ನು ಕಟ್ಟಬೇಕೆಂಬ ಚಿಂತೆ ಬೆನ್ನುಹತ್ತುತ್ತದೆ. ನನ್ನ ವೃತ್ತಾಂತವೂ ಇದಕ್ಕೆ ಹೊರತಲ್ಲ. ಹಿಂಬದಿಯ ಪೆಟ್ರೋಲ್ ಎಂಜಿನ್ನು ನಮ್ಮನ್ನು ಮೀನಿನ ತಾಣಕ್ಕೆ ಮುಟ್ಟಿಸುವುದಕ್ಕೆ. ಅಲ್ಲಿಗೆ ಸೇರಿದ ಮೇಲೆ ವಾಲೈ ಮೀನು ಬೆದರದಂತೆ ನಿಶ್ಶಬ್ದವಾಗಿ, ಮಂದಗತಿಯಿಂದ ಸರಿಯುವುದಕ್ಕೆ ಈ ವಿದ್ಯುತ್ ಮೋಟಾರು. 1934ರಲ್ಲಿ ನೆರೆಯ ನಾರ್ತ್ ಡಕೋಟದ ಫಾರ್ಗೋ ನಗರದಲ್ಲಿ ಶ್ಮಿಟ್ ಎಂಬವರು ರೂಪಿಸಿದ ಯಂತ್ರದಿಂದ ಮೊದಲುಗೊಂಡು ಇಂದಿನವರೆಗೆ ಇದರ ಮೂಲ ಕೆಲಸ ಬದಲಾಗಿಲ್ಲ. ಬದಲಾಗಿರುವುದು ಬೆಲೆ ಮತ್ತು ಅದನ್ನು ಕೊಳ್ಳಿಸುವ ಉಪಾಯ.

ದೋಣಿಯ ವ್ಯಾಪಾರಿ ಮಹಾಶಯರು, 80 ಪೌಂಡ್ ಥ್ರಸ್ಟಿನ 24 ವೋಲ್ಟ್ ಮೋಟಾರು, ಜೋಡಿ ಬ್ಯಾಟರಿ, ಚಾರ್ಜರು, ಜೋಡಣೆಯ ಕೂಲಿ, ಇವೆಲ್ಲದರ ಮೊತ್ತವಾದ 3,000 ಡಾಲರನ್ನು ದೋಣಿಯ ಸಾಲಕ್ಕೇ ಸೇರಿಸಿಬಿಡುವುದಾಗಿಯೂ, ತಿಂಗಳ ಕಂತಿನಲ್ಲಿ ಅದು ಕಣ್ಣಿಗೇ ಬೀಳದೆಂದೂ ಅತ್ಯಂತ ಮಧುರವಾಗಿ ಬೋಧಿಸಿದರು. ಅವರ ಮಾತು ಸುಳ್ಳಲ್ಲ. ಶೇಕಡಾ 8ರ ಬಡ್ಡಿಯ ಹತ್ತು ವರ್ಷದ ಸಾಲದಲ್ಲಿ ಅದು ತಿಂಗಳಿಗೆ ಸುಮಾರು 36 ಡಾಲರು ಮಾತ್ರ. ಆದರೆ ಅವಧಿ ತೀರುವಷ್ಟರಲ್ಲಿ ಬಡ್ಡಿಯೊಂದೇ 1,370 ಡಾಲರನ್ನು ಸಮೀಪಿಸುತ್ತದೆ. ಸೀಸದ ಬ್ಯಾಟರಿಯಾದರೋ, ಎಷ್ಟು ಜೋಪಾನ ಮಾಡಿದರೂ ನಾಲ್ಕೈದು ವರ್ಷಕ್ಕೆ ಕೈಕೊಡುವ ವಸ್ತು. ಆಮೇಲೆ ಹೊಸ ಬ್ಯಾಟರಿಗೆ ಹಣ ಹೊಂದಿಸುತ್ತಲೇ ಹಳೆಯದರ ಬಡ್ಡಿಯನ್ನೂ ತೆರುವವನ ಪಾಡು, ಸತ್ತ ಎತ್ತಿನ ಸಾಲ ತೀರಿಸುವ ರೈತನ ಪಾಡಿಗಿಂತ ಭಿನ್ನವಲ್ಲ.

ಇನ್ನು 80 ಪೌಂಡಿನ ಶಕ್ತಿ ನನಗೆ ಬೇಕಿತ್ತೆ? ಜನ, ಸಾಮಾನು, ಎಂಜಿನ್ನು, ಇಂಧನ ಎಲ್ಲವೂ ಸೇರಿದ ದೋಣಿಯ ತೂಕದಲ್ಲಿ ಪ್ರತಿ 100 ಪೌಂಡಿಗೆ 2 ಪೌಂಡ್ ಥ್ರಸ್ಟ್ ಸಾಕೆಂಬುದು ಇಲ್ಲಿನ ಬೆಸ್ತರಲ್ಲಿಯೂ ಅಂಗಡಿಗಳಲ್ಲಿಯೂ ರೂಢಿಯಲ್ಲಿರುವ ಲೆಕ್ಕ. ನನ್ನ ದೋಣಿ ತುಂಬಿದಾಗ ಸುಮಾರು 1,600 ಪೌಂಡು; ಆ ಪ್ರಕಾರ ಬೇಕಾದದ್ದು 32. ಗಾಳಿಗೂ ಅಲೆಗೂ ಧಾರಾಳವಾಗಿ ಬಿಟ್ಟುಕೊಟ್ಟರೂ 55ರ ಆಚೆಗೆ ಹೋಗುವ ಕಾರಣವಿಲ್ಲ. ಈ 55 ಎಂಬ ಅಂಕೆಯ ಆಚೆಗೇ ಕೊಳ್ಳುವವನ ಜೇಬಿಗೆ ಅಪಾಯವಿರುವುದು: ಸಾಮಾನ್ಯವಾಗಿ ಅಲ್ಲಿಯವರೆಗೆ 12 ವೋಲ್ಟಿನ ಒಂದು ಬ್ಯಾಟರಿ ಸಾಕಾಗುತ್ತದೆ, ಅದನ್ನು ದಾಟಿದೊಡನೆ 24 ವೋಲ್ಟು, ಎರಡು ಬ್ಯಾಟರಿ, ದೊಡ್ಡ ಚಾರ್ಜರು, ಅದರ ಜತೆಗೆ ಮೂತಿಯ ಭಾರ. ಹೆಚ್ಚಿನ ಥ್ರಸ್ಟಿನಿಂದ ದೋಣಿ ಹೆಚ್ಚು ವೇಗವಾಗಿ ಓಡುತ್ತದೆಂಬುದೂ ಭ್ರಮೆಯೇ. ಥ್ರಸ್ಟು ಭಾರವನ್ನು ನೂಕುವ ಬಲವೇ ಹೊರತು ವೇಗವಲ್ಲ.

ಬ್ಯಾಟರಿಯ ವಿಷಯದಲ್ಲಿ ಮಾತ್ರ ನಾನು ಜಿಪುಣತನವನ್ನು ಸಮರ್ಥಿಸಲಾರೆ. 55 ಪೌಂಡಿನ ಮೋಟಾರು ಪೂರ್ಣ ವೇಗದಲ್ಲಿ ಸುಮಾರು 50 ಆಂಪಿಯರನ್ನು ಸೆಳೆಯುತ್ತದೆ. 100 ಆಂಪಿಯರ್-ಅವರಿನ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬರಿದುಮಾಡಿದರೆ ಅದರ ಆಯುಷ್ಯ ಕುಗ್ಗುವುದರಿಂದ, ಆ ವೇಗದಲ್ಲಿ ಅದು ಒಂದು ಗಂಟೆಯೂ ಸಾಗದು. ಮೆಲ್ಲಗೆ, 10 ಆಂಪಿಯರಿನಲ್ಲಿ ಸಾಗಿದರೆ ಐದು ಗಂಟೆ. ಅಷ್ಟೇ ಸಾಮರ್ಥ್ಯದ ಲಿಥಿಯಂ ಬ್ಯಾಟರಿಯು ಸೀಸದ್ದರ ಅರ್ಧ ತೂಕವೂ ಇಲ್ಲದೆ, ತನ್ನ ಶಕ್ತಿಯ ಬಹುಪಾಲನ್ನು ಹಾನಿಯಿಲ್ಲದೆ ಕೊಟ್ಟು, ನೂರಾರಲ್ಲ, ಸಾವಿರಾರು ಬಾರಿ ಮರುಪೂರಣವನ್ನು ಸಹಿಸುತ್ತದೆ. ಹೆಪ್ಪುಗಟ್ಟುವ ಚಳಿಯಲ್ಲಿ ಅದನ್ನು ಚಾರ್ಜ್ ಮಾಡತಕ್ಕದ್ದಲ್ಲ. ಆದಕಾರಣ ನಮ್ಮದು ಚಳಿಗಾಲವಿಡೀ ಮನೆಯ ನೆಲಮಾಳಿಗೆಯಲ್ಲಿ, ನನ್ನಾಕೆಯ ಉಪ್ಪಿನಕಾಯಿ ಭರಣಿಗಳ ಪಕ್ಕದಲ್ಲಿ, ಸುಖವಾಗಿ ವಿಶ್ರಮಿಸುತ್ತದೆ.

ಹೀಗೆ ಶಕ್ತಿಯಲ್ಲಿ ಉಳಿಸಿದ ಹಣವನ್ನು ನಾನು ವೆಚ್ಚಮಾಡಿದ್ದು ಜಿಪಿಎಸ್ ಲಂಗರಿಗೆ. ಗುಂಡಿಯೊಂದನ್ನು ಒತ್ತಿದರೆ ಉಪಗ್ರಹಗಳ ನೆರವಿನಿಂದ ತನ್ನ ಸ್ಥಾನವನ್ನರಿತು, ಗಾಳಿ ಎತ್ತ ನೂಕಿದರೂ ತಾನೇ ಮೊಗದಿರುಗಿಸಿ ದೋಣಿಯನ್ನು ಅಲ್ಲಿಯೇ ಹಿಡಿದು ನಿಲ್ಲಿಸುವ ಈ ಸೌಕರ್ಯವನ್ನು ಮೊದಲು ಆಡಂಬರವೆಂದೇ ಎಣಿಸುವವರುಂಟು. ಮಿಲ್ ಲ್ಯಾಕ್ಸ್‌ನಂಥ ವಿಶಾಲವಾದ, ಆಳವಿಲ್ಲದ ಸರೋವರದಲ್ಲಿ ಅಪರಾಹ್ನದ ಗಾಳಿಗೆ ಸಿಕ್ಕಿ, ಹಗ್ಗದ ಲಂಗರನ್ನು ಎಳೆದೆಳೆದು ಬೆನ್ನು ನೋಯಿಸಿಕೊಂಡವರು ಯಾರೂ ಹಾಗೆನ್ನಲಾರರು.

ಮೋಟಾರು, ಬ್ಯಾಟರಿ, ಚಾರ್ಜರು, ತಂತಿ, 60 ಆಂಪಿಯರಿನ ಬ್ರೇಕರು ಎಲ್ಲವೂ ಸೇರಿ ನನಗೆ ತಗುಲಿದ್ದು ಸುಮಾರು 1,700 ಡಾಲರು. ಅದನ್ನು ಉಳಿತಾಯದಿಂದ ಒಂದೇ ಬಾರಿಗೆ ತೆತ್ತೆನು. ಅಷ್ಟು ಹಣ ಕೈಯಲ್ಲಿಲ್ಲದವರು ಹಿಂಬದಿಗೆ ಸಿಕ್ಕಿಸುವ, ಕೈಯಿಂದ ತಿರುಗಿಸುವ ಅಗ್ಗದ ಮೋಟಾರಿನಿಂದಲೇ ಒಂದೆರಡು ಬೇಸಗೆಯನ್ನು ಕಳೆಯಬಹುದು. ಮೀನಿಗೆ ಅದರ ಬೆಲೆ ತಿಳಿಯದು. ಯಾವುದನ್ನೇ ಕೊಳ್ಳಿ, ದೋಣಿಯ ಸಾಲಪತ್ರಕ್ಕೆ ರುಜು ಹಾಕುವ ಮುನ್ನ ಅದರಲ್ಲಿ ಮೋಟಾರು, ಬ್ಯಾಟರಿಗಳ ಬಾಬ್ತು ಸೇರಿದೆಯೇ ಎಂದು ಓದಿ ನೋಡಿ, ಸೇರಿದ್ದರೆ ಹೊಡೆದುಹಾಕಿಸಿ.