ಹೊಟ್ಟೆಯ ಬೊಜ್ಜು ಮತ್ತು ಸಕ್ಕರೆ ಕಾಯಿಲೆ

ಉಳುಮೆ, ಒಕ್ಕಣೆ, ನೀರೆತ್ತುವುದು ಮುಂತಾದ ಕೆಲಸಗಳನ್ನು ಯಂತ್ರಗಳು ವಹಿಸಿಕೊಂಡ ಮೇಲೆ ಅನೇಕ ರೈತರ ದೇಹಶ್ರಮ ಕಡಿಮೆಯಾಗಿದೆ. ಊಟದ ಪ್ರಮಾಣ ಮಾತ್ರ ಹಾಗೆಯೇ ಉಳಿದಿದೆ. ಖರ್ಚಾಗದ ಆಹಾರ ಕೊಬ್ಬಾಗಿ ಹೊಟ್ಟೆಯ ಸುತ್ತ ಸೇರುತ್ತದೆ. ಸಕ್ಕರೆ ಕಾಯಿಲೆ ಪಟ್ಟಣದವರಿಗೆ ಮಾತ್ರ ಬರುತ್ತದೆಂಬ ನಂಬಿಕೆ ಈಗ ಸಲ್ಲದು.

ಇನ್ಸುಲಿನ್ನಿನ ಕೆಲಸ

ಉಂಡ ಆಹಾರ ಜೀರ್ಣವಾಗಿ ಗ್ಲೂಕೋಸ್ ರೂಪದಲ್ಲಿ ರಕ್ತವನ್ನು ಸೇರುತ್ತದೆ. ಅದು ಸ್ನಾಯುಗಳ ಜೀವಕೋಶಗಳೊಳಗೆ ಹೋಗಲು ಮೇದೋಜೀರಕ ಗ್ರಂಥಿ ಸ್ರವಿಸುವ ಇನ್ಸುಲಿನ್ ನೆರವಾಗುತ್ತದೆ. ಕಾಲುವೆಯ ನೀರನ್ನು ಗದ್ದೆಗೆ ಬಿಡಲು ನೀರುಗಂಟಿ ತೂಬು ಎತ್ತುವಂತೆ ಇದರ ಕೆಲಸ. ಯಕೃತ್ತು ಅನಗತ್ಯವಾಗಿ ಗ್ಲೂಕೋಸನ್ನು ಹೊರಬಿಡದಂತೆಯೂ ಇನ್ಸುಲಿನ್ ತಡೆಯುತ್ತದೆ.

ಬೊಜ್ಜಿನ ಉರಿಯೂತ

ಕೊಬ್ಬು ಕಣಜದ ಧಾನ್ಯದಂತೆ ಸುಮ್ಮನೆ ಬಿದ್ದಿರುವ ವಸ್ತುವೆಂದು ಹಿಂದೆ ಭಾವಿಸಲಾಗಿತ್ತು. ಬೊಜ್ಜು ಬಂದ ಇಲಿಗಳ ಕೊಬ್ಬಿನಲ್ಲಿ ಟಿ.ಎನ್.ಎಫ್. ಆಲ್ಫಾ ಎಂಬ ಉರಿಯೂತದ ವಸ್ತು ಹೆಚ್ಚಾಗಿ ಉತ್ಪತ್ತಿಯಾಗುತ್ತದೆಂದು 1993ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಬೊಜ್ಜಿನಲ್ಲಿ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಗುಂಪುಗೂಡುವುದು 2003ರಲ್ಲಿ ತಿಳಿದುಬಂತು.

ಕೊಬ್ಬಿನ ಕೋಶಗಳು ಮಿತಿಮೀರಿ ಉಬ್ಬಿದಾಗ ಕೆಲವು ಸಾಯುತ್ತವೆ. ಅವನ್ನು ತೆರವು ಮಾಡಲು ಈ ರಕ್ಷಕ ಕೋಶಗಳು ಬಂದು ಸೇರುತ್ತವೆ. ಗಾಯದ ಊತ ಗಾಯ ಮಾಗಿದರೆ ಇಳಿಯುತ್ತದೆ. ಬೊಜ್ಜಿನ ಉರಿಯೂತವಾದರೋ ನೋವಿಲ್ಲದೆ, ಜ್ವರವಿಲ್ಲದೆ ವರ್ಷಗಟ್ಟಲೆ ನಡೆಯುತ್ತದೆ. ಅದರಿಂದ ಹೊರಡುವ ವಸ್ತುಗಳೂ ಕೊಬ್ಬಿನಾಮ್ಲಗಳೂ ಯಕೃತ್ತು ಮತ್ತು ಸ್ನಾಯುಗಳನ್ನು ತಲುಪಿ, ಇನ್ಸುಲಿನ್ನಿನ ಸಂದೇಶಕ್ಕೆ ಅಡ್ಡಿಪಡಿಸುತ್ತವೆ. ತೂಬು ತುಕ್ಕು ಹಿಡಿದಂತಾಗುತ್ತದೆ. ಇದಕ್ಕೆ ಇನ್ಸುಲಿನ್ ಪ್ರತಿರೋಧ ಎನ್ನುತ್ತಾರೆ. ವಂಶಗುಣವೂ ಇದಕ್ಕೆ ಕಾರಣವಾಗಬಹುದು.

ಕಣ್ಣಿಗೆ ಕಾಣದ ವರ್ಷಗಳು

ಒಬ್ಬ ನೀರುಗಂಟಿಯಿಂದಾಗದ ಕೆಲಸಕ್ಕೆ ನಾಲ್ವರನ್ನು ಕಳುಹಿಸುವಂತೆ ಗ್ರಂಥಿಯು ಹೆಚ್ಚು ಹೆಚ್ಚು ಇನ್ಸುಲಿನ್ ಸ್ರವಿಸುತ್ತದೆ. ಆದ್ದರಿಂದ ಹಲವು ವರ್ಷ ರಕ್ತಪರೀಕ್ಷೆಯಲ್ಲಿ ಸಕ್ಕರೆ ಸರಿಯಾಗಿಯೇ ಕಾಣಬಹುದು. ಗ್ರಂಥಿ ಸೋತ ಮೇಲೆ ಸಕ್ಕರೆ ಏರುತ್ತದೆ. ಅಷ್ಟರಲ್ಲಿ ಬಹಳ ಕಾಲ ಕಳೆದಿರುತ್ತದೆ.

ಮೊದಲೇ ಎಚ್ಚರಗೊಳ್ಳಲು ಒಂದು ಅಳತೆ ಟೇಪು ನೆರವಾಗುತ್ತದೆ. ಹೊಟ್ಟೆಯ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ತಲುಪಿದರೆ ಜಾಗ್ರತೆ ವಹಿಸಬೇಕು. ಕತ್ತಿನ ಹಿಂಭಾಗದ ಚರ್ಮ ಕಪ್ಪಾಗಿ ದಪ್ಪವಾಗುವುದು ಇನ್ನೊಂದು ಸೂಚನೆ. ಬರಿಹೊಟ್ಟೆಯ ರಕ್ತದಲ್ಲಿ ಸಕ್ಕರೆ 100 ಮಿ.ಲೀ.ಗೆ 100ರಿಂದ 125 ಮಿ.ಗ್ರಾಂ ಇದ್ದರೆ ಅದು ಕಾಯಿಲೆಯ ಮುನ್ಸೂಚನೆ. 126 ಅಥವಾ ಹೆಚ್ಚಿದ್ದು, ಮರುಪರೀಕ್ಷೆಯಲ್ಲೂ ಹಾಗೆಯೇ ಬಂದರೆ ಕಾಯಿಲೆ ಇದೆಯೆಂದು ಅರ್ಥ.

ಅನುಸರಿಸಬೇಕಾದ ಕ್ರಮಗಳು

1. ಬೊಜ್ಜಿರುವವರು ತೂಕವನ್ನು ಶೇಕಡಾ 5ರಿಂದ 7ರಷ್ಟು ಇಳಿಸಬೇಕು. 80 ಕಿ.ಗ್ರಾಂ ತೂಗುವವರು 4ರಿಂದ 6 ಕಿ.ಗ್ರಾಂ ಇಳಿಸಿದರೂ ಪ್ರಯೋಜನವುಂಟು.

2. ವಾರದಲ್ಲಿ 5 ದಿನ, ದಿನಕ್ಕೆ 30 ನಿಮಿಷ ಚುರುಕಾಗಿ ನಡೆಯಬೇಕು. ದುಡಿಯುವ ಸ್ನಾಯು ಗ್ಲೂಕೋಸನ್ನು ಇನ್ಸುಲಿನ್ನಿಗೆ ಕಾಯದೆಯೂ ಎಳೆದುಕೊಳ್ಳುತ್ತದೆ.

3. ಅನ್ನ, ಮುದ್ದೆಗಳನ್ನು ಕಡಿಮೆ ಮಾಡಿ ಸೊಪ್ಪು, ತರಕಾರಿ, ಕಾಳುಗಳನ್ನು ಹೆಚ್ಚಿಸಬೇಕು. ರಾಗಿಯಲ್ಲೂ ಪಿಷ್ಟವೇ ಹೆಚ್ಚಾಗಿರುವುದರಿಂದ ಮುದ್ದೆಗೂ ಮಿತಿಯಿರಬೇಕು.

4. ಕರಿದ ತಿಂಡಿ, ಪದೇ ಪದೇ ಕುಡಿಯುವ ಸಕ್ಕರೆ ಹಾಕಿದ ಕಾಫಿ, ಚಹಾ ಮತ್ತು ತಂಬಾಕನ್ನು ಬಿಡಬೇಕು.

5. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ಭಾರತದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಹಾರಕ್ರಮ ಮತ್ತು ನಡಿಗೆಯಿಂದಲೇ ಸಕ್ಕರೆ ಕಾಯಿಲೆಯ ಸಂಭವ ಶೇಕಡಾ 28ರಷ್ಟು ಕಡಿಮೆಯಾಯಿತು. ತುಕ್ಕು ಕಡಿಮೆಯಿರುವಾಗಲೇ ತೂಬನ್ನು ಸರಿಪಡಿಸಿಕೊಳ್ಳುವುದು ಜಾಣತನ.