ತಲೆಗೆ ಬಣ್ಣ ಹಚ್ಚುವ ಮುನ್ನ

ಮನೆಯಲ್ಲಿ ಮದುವೆಯೋ ಗೃಹಪ್ರವೇಶವೋ ಬಂತೆಂದರೆ ಕನ್ನಡಿಯ ಮುಂದೆ ನಿಂತವರಿಗೆ ಮೊದಲು ಕಾಣುವುದು ನರೆಗೂದಲು. ಅಂಗಡಿಯಿಂದ ಹೇರ್ ಡೈ ತಂದು ಹಿಂದಿನ ದಿನವೇ ಹಚ್ಚಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ಬೆಳಗಾಗುವಷ್ಟರಲ್ಲಿ ಹಣೆ, ಕಿವಿ ತುರಿಸಿ, ರೆಪ್ಪೆ ಬಾತು ಕಣ್ಣು ತೆರೆಯಲಾಗದ ಸ್ಥಿತಿ. "ಇಷ್ಟು ವರ್ಷ ಇದನ್ನೇ ಹಚ್ಚುತ್ತಿದ್ದೆ, ಏನೂ ಆಗಿರಲಿಲ್ಲವಲ್ಲ!" ಎಂದು ವೈದ್ಯರಲ್ಲಿ ಅಚ್ಚರಿಪಡುತ್ತಾರೆ. ಇದಕ್ಕೆ ಕಾರಣವೇನು?

ಕಪ್ಪು ಬಣ್ಣದ ಗುಟ್ಟು

ಬಹುಪಾಲು ಕಪ್ಪು ಹೇರ್ ಡೈಗಳಲ್ಲಿ ಪ್ಯಾರಾಫಿನೈಲಿನ್ ಡಯಮೀನ್ ಎಂಬ ರಾಸಾಯನಿಕವಿರುತ್ತದೆ. ಚಿಕ್ಕದಾಗಿ ಇದನ್ನು ಪಿಪಿಡಿ ಎನ್ನುತ್ತಾರೆ. ಹೈಡ್ರೋಜನ್ ಪೆರಾಕ್ಸೈಡ್‌ನಂಥ ವಸ್ತುವಿನೊಡನೆ ಬೆರೆತಾಗ ಇದರ ಸಣ್ಣ ಅಣುಗಳು ಕೂದಲಿನೊಳಗೆ ಇಳಿದು, ಒಂದಕ್ಕೊಂದು ಕೂಡಿ ದೊಡ್ಡ ಕಪ್ಪು ಅಣುಗಳಾಗುತ್ತವೆ. ಆದ್ದರಿಂದಲೇ ತಲೆ ತೊಳೆದರೂ ಬಣ್ಣ ಹೋಗುವುದಿಲ್ಲ.

ಇದೇ ಸಣ್ಣ ಅಣುಗಳು ಚರ್ಮದೊಳಕ್ಕೂ ಇಳಿಯುತ್ತವೆ. ಕೆಲವರ ದೇಹದ ರಕ್ಷಣಾ ವ್ಯವಸ್ಥೆ ಇವನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಆಗ ಹೊರಗೆ ಏನೂ ಕಾಣದು. ಮುಂದೆಂದೋ ಬಣ್ಣ ಹಚ್ಚಿದಾಗ ಕೆಲವು ಗಂಟೆಗಳಿಂದ ಎರಡು ಮೂರು ದಿನಗಳೊಳಗೆ ತುರಿಕೆ, ಕೆಂಪು, ಬಾವು, ನೀರುಗುಳ್ಳೆ ಕಾಣಿಸಿಕೊಳ್ಳುತ್ತವೆ. ಒಮ್ಮೆ ಬಂದ ಈ ಅಲರ್ಜಿ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ.

ಮೆಹಂದಿ ಕಪ್ಪಲ್ಲ

ಮದರಂಗಿ ಸೊಪ್ಪಿನ ಸಹಜ ಬಣ್ಣ ಕಿತ್ತಳೆ ಅಥವಾ ಕೆಂಪುಗಂದು. ಅದು ಹಿಡಿಯಲು ಹಲವು ಗಂಟೆ ಬೇಕು. ಬೇಗನೆ ಅಚ್ಚಗಪ್ಪಾಗುವ 'ಕಪ್ಪು ಮೆಹಂದಿ'ಯಲ್ಲಿ ಪಿಪಿಡಿ ಬೆರೆತಿರುವ ಸಾಧ್ಯತೆ ಹೆಚ್ಚು. ಜಾತ್ರೆಯಲ್ಲಿ ಮಗುವಿನ ಕೈಗೆ ಹಾಕಿಸಿದ ಕಪ್ಪು ಚಿತ್ತಾರ, ಆ ಮಗು ದೊಡ್ಡದಾಗಿ ತಲೆಗೆ ಬಣ್ಣ ಹಚ್ಚುವಾಗ ತೊಂದರೆ ಕೊಟ್ಟೀತು. 'ಹರ್ಬಲ್', 'ಅಮೋನಿಯಾ ರಹಿತ' ಎಂಬ ಮಾತುಗಳಿಗೂ ಮರುಳಾಗಬೇಡಿ. ಅಮೋನಿಯಾ ಇಲ್ಲವೆಂದ ಮಾತ್ರಕ್ಕೆ ಪಿಪಿಡಿ ಇಲ್ಲವೆಂದು ಅರ್ಥವಲ್ಲ.

ಎಚ್ಚರಿಕೆ ಬಂದ ಬಗೆ

1930ರ ದಶಕದಲ್ಲಿ ಅಮೆರಿಕದಲ್ಲಿ 'ಲ್ಯಾಶ್ ಲ್ಯೂರ್' ಎಂಬ ರೆಪ್ಪೆಗೂದಲಿನ ಬಣ್ಣ ಮಾರಾಟದಲ್ಲಿತ್ತು. ಅದರಲ್ಲಿದ್ದ ಪಿಪಿಡಿಯಿಂದ ಮಹಿಳೆಯರು ಕಣ್ಣು ಕಳೆದುಕೊಂಡರು, ಒಬ್ಬಾಕೆ ಸಾವಿಗೀಡಾದಳು. ಆದರೆ ಸೌಂದರ್ಯ ಸಾಧನಗಳನ್ನು ತಡೆಯುವ ಅಧಿಕಾರ ಆಗ ಅಲ್ಲಿನ ಸರ್ಕಾರಕ್ಕಿರಲಿಲ್ಲ. 1938ರಲ್ಲಿ ಹೊಸ ಕಾನೂನು ಬಂದ ಮೇಲಷ್ಟೇ ಅದನ್ನು ಮಾರುಕಟ್ಟೆಯಿಂದ ತೆಗೆಯಲು ಸಾಧ್ಯವಾಯಿತು. ನಮ್ಮ ದೇಶದ ನಿಯಮವೂ ಪಿಪಿಡಿ ಇರುವ ಹೇರ್ ಡೈ ಮೇಲೆ ಎಚ್ಚರಿಕೆ ಮುದ್ರಿಸಬೇಕೆನ್ನುತ್ತದೆ: ಮೊದಲು ಪರೀಕ್ಷಿಸಿ, ಹುಬ್ಬು ರೆಪ್ಪೆಗಳಿಗೆ ಹಚ್ಚಬೇಡಿ, ಕುರುಡುತನ ಬರಬಹುದು. ನಾವು ಓದದೆ ಬಿಸಾಡುವ ಚೀಟಿಯಲ್ಲಿರುವುದು ಇದೇ.

ನೀವು ಮಾಡಬೇಕಾದ್ದು

* ಪ್ರತಿ ಸಲವೂ ಪರೀಕ್ಷೆ ಮಾಡಿ. ಕಿವಿಯ ಹಿಂದೆ ಅಥವಾ ಮುಂಗೈಯ ಒಳಭಾಗವನ್ನು ಸೋಪಿನಿಂದ ತೊಳೆದು, ಕಲಸಿದ ಬಣ್ಣವನ್ನು ಚೂರು ಹಚ್ಚಿ ಒಣಗಲು ಬಿಡಿ. 24 ಗಂಟೆಗಳ ನಂತರ ತೊಳೆಯಿರಿ. ಇನ್ನೂ ಒಂದು ದಿನ ಗಮನಿಸಿ. ತುರಿಕೆ, ಉರಿ ಬಂದರೆ ಕೂಡಲೇ ತೊಳೆದು ಆ ಬಣ್ಣವನ್ನು ಬಿಟ್ಟುಬಿಡಿ.

* ಹಿಂದೆ ಹೇರ್ ಡೈ ಅಥವಾ ಕಪ್ಪು ಮೆಹಂದಿಯಿಂದ ತೊಂದರೆಯಾಗಿದ್ದರೆ ಪರೀಕ್ಷೆಯನ್ನೂ ಮಾಡಬೇಡಿ, ಚರ್ಮವೈದ್ಯರನ್ನು ಕಾಣಿರಿ.

* ಗಾಯ, ಹುಣ್ಣು ಇರುವ ತಲೆಗೆ ಹಚ್ಚಬೇಡಿ. ಚೀಟಿಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಬಿಡಬೇಡಿ. ಕೈಗವಸು ಹಾಕಿಕೊಳ್ಳಿ.

* ಮುಖ ಬಾತು ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

* ಮಕ್ಕಳ ಕೈಗೆ ಸಿಗದಂತೆ ಇಡಿ. ಹೊಟ್ಟೆಗೆ ಹೋದರೆ ಇದು ಮಾರಕ ವಿಷ.

ಸಮಾರಂಭದ ಹಿಂದಿನ ರಾತ್ರಿ ಬಣ್ಣದ ಪೊಟ್ಟಣ ತಂದರೆ ಪರೀಕ್ಷೆಗೆ ಸಮಯವಿರುವುದಿಲ್ಲ. ಮೂರು ದಿನ ಮೊದಲೇ ತನ್ನಿ. ನರೆ ಅಷ್ಟು ದಿನ ಕಾದರೆ ನಷ್ಟವೇನೂ ಇಲ್ಲ.