ಕಸಿಯ ನಂತರ ಕಯಾಕ್: ಹರಿಹರದ ಹೊಳೆಯಿಂದ ಕಾರವಾರದ ಕಡಲಿಗೆ



ಕಿಡ್ನಿ, ಲಿವರ್ ಅಥವಾ ಹೃದಯದ ಕಸಿಗೆ ಮೊದಲು ಇಲ್ಲದಿದ್ದ ಸಕ್ಕರೆ ಕಾಯಿಲೆ ಕಸಿಯ ನಂತರ ಬರುವುದುಂಟು. ಹೊಸ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ ಔಷಧಿಗಳೇ ಅದಕ್ಕೆ ಮುಖ್ಯ ಕಾರಣ. ಟ್ಯಾಕ್ರೊಲಿಮಸ್ ಮಾತ್ರೆಯಿಂದ ಇನ್ಸುಲಿನ್ ಸ್ರವಿಸುವುದು ತಗ್ಗುತ್ತದೆ. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್‌ನಿಂದ ಇರುವ ಇನ್ಸುಲಿನ್ ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ. ಸ್ಟೀರಾಯ್ಡನ್ನು ಸಾಮಾನ್ಯವಾಗಿ ಬೆಳಗ್ಗೆ ನುಂಗುವುದರಿಂದ ಸಕ್ಕರೆ ಹೆಚ್ಚು ಏರುವುದು ಮಧ್ಯಾಹ್ನದಿಂದ ಸಂಜೆಯವರೆಗೆ. ಖಾಲಿ ಹೊಟ್ಟೆಯ ಪರೀಕ್ಷೆ ಚೆನ್ನಾಗಿ ಬಂದಿದ್ದರೂ ಊಟದ ನಂತರದ ಅಂಕಿ ಬೇರೆಯೇ ಇರಬಹುದು. ಶುಗರ್ ಬಂತೆಂದು ಈ ಮಾತ್ರೆಗಳನ್ನು ತಾವಾಗಿಯೇ ಬಿಡುವುದು ಮಾತ್ರ ಕೂಡದು. ಹಾಗೆ ಬಿಟ್ಟರೆ ಅಂಗವೇ ಕೈತಪ್ಪಬಹುದು.

ಹೀಗೆ ಶುಗರ್ ಬಂದವರು ಕಲಿಯಲು ಹೊರಟ ಕಡಲಿನ ಕಯಾಕ್ ಸುಮಾರು 5 ಮೀಟರ್ ಉದ್ದದ ಕಿರಿದಾದ ದೋಣಿ. ಕಾಲುಗಳನ್ನು ಒಳಗೆ ಚಾಚಿ ಕೂತು, ಸೊಂಟದಿಂದ ಮೈ ತಿರುಗಿಸುತ್ತಾ ಎರಡು ಬದಿಗೂ ಹುಟ್ಟು ಹಾಕಬೇಕು. ಕರ್ನಾಟಕದ ಕರಾವಳಿಯಲ್ಲಿ ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುವ ತಿಂಗಳುಗಳು. ಕಯಾಕ್‌ನ ಮಾತೇ ಇಲ್ಲ. ಮಳೆಗಾಲ ಕಳೆದ ಮೇಲೆ, ನವೆಂಬರಿನಿಂದ ಫೆಬ್ರುವರಿವರೆಗೆ, ಬೆಳಗಿನ ಹೊತ್ತು ನೀರು ಸಾಮಾನ್ಯವಾಗಿ ಶಾಂತ. ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಏಳುತ್ತದೆ.

ತೊಡಕು ಇರುವುದು ಇಲ್ಲೇ. ಸಂಜೆ ಸಕ್ಕರೆ ಮೇಲಿರುತ್ತದೆ, ವ್ಯಾಯಾಮ ಅದನ್ನು ಇಳಿಸುತ್ತದೆ. ಮೈಗೆ ಅದೇ ಒಳ್ಳೆಯ ಹೊತ್ತು. ಆದರೆ ನೀರಿಗೆ ಇಳಿಯಲು ಯೋಗ್ಯವಾದದ್ದು ಬೆಳಗಿನ ಹೊತ್ತು. ಹಿಂದಿನ ರಾತ್ರಿ ದೀರ್ಘಕಾಲದ ಇನ್ಸುಲಿನ್ ಚುಚ್ಚಿಕೊಂಡವರಿಗೆ, ಗ್ಲಿಮೆಪಿರೈಡ್ ನುಂಗುವವರಿಗೆ, ಸಕ್ಕರೆ ಕುಸಿಯುವ ಭಯ ಹೆಚ್ಚಿರುವುದೂ ಆಗಲೇ. ಆದ್ದರಿಂದ ಸಂಜೆ ಜಿಮ್ಮಿನಲ್ಲಿ ಬೆವರಿಳಿಸಿ ಕಲಿತ ಲೆಕ್ಕ ಬೆಳಗಿನ ಕಡಲಿಗೆ ಹೊಂದುವುದಿಲ್ಲ. ತಾಲೀಮು ಮೊದಲ ದಿನದಿಂದಲೇ ಬೆಳಗ್ಗೆ ನಡೆಯಬೇಕು. ಹೊರಡುವ ಮುನ್ನ, ನಡುವೆ, ಮುಗಿದ ಮೇಲೆ ಗ್ಲೂಕೋಮೀಟರಿನ ಅಂಕಿ, ತಿಂದದ್ದು, ಮಾತ್ರೆಯ ಸಮಯ ಎಲ್ಲವೂ ಒಂದೇ ನೋಟುಪುಸ್ತಕದಲ್ಲಿರಬೇಕು. ಕೆಲವು ವಾರಗಳ ಆ ಬರಹ ನೋಡಿ ಔಷಧಿಯ ಪ್ರಮಾಣ ಬದಲಿಸಬೇಕಾದವರು ಕಸಿಯ ವೈದ್ಯರು ಮತ್ತು ಸಕ್ಕರೆ ಕಾಯಿಲೆಯ ವೈದ್ಯರು, ಇಬ್ಬರೂ ಒಟ್ಟಿಗೆ.

ತಾಲೀಮಿನ ಆರಂಭ ನೆಲದ ಮೇಲೆ. ಶಸ್ತ್ರಚಿಕಿತ್ಸೆಯ ನಂತರ ಕನಿಷ್ಠ ಎರಡು ಮೂರು ತಿಂಗಳು ಭಾರ ಎತ್ತುವಂತಿಲ್ಲ. ಹೊಲಿಗೆಯ ಜಾಗ ಸಡಿಲಗೊಂಡು ಹರ್ನಿಯಾ ಆಗಬಹುದು. ಕಸಿ ಮಾಡಿದ ಕಿಡ್ನಿ ಇರುವುದು ಕೆಳಹೊಟ್ಟೆಯಲ್ಲಿ, ಪಕ್ಕೆಲುಬಿನ ರಕ್ಷಣೆಯಿಲ್ಲದ ಕಡೆ. ಕಯಾಕಿನ ಬಾಯಂಚು ಅಲ್ಲಿಗೆ ಒತ್ತದಂತೆ ಆಸನ ಹೊಂದಿಸಬೇಕು. ಡಯಾಲಿಸಿಸ್‌ಗೆಂದು ಮಾಡಿದ ಫಿಸ್ಟುಲಾ ತೋಳಿನಲ್ಲಿ ಇನ್ನೂ ಇದ್ದರೆ ಬಿಗಿಯಾದ ಪಟ್ಟಿ, ಗಡಿಯಾರ ಆ ಕೈಗೆ ಬೇಡ. ಹೃದಯ ಕಸಿಯಾದವರಲ್ಲಿ ನರಗಳ ಸಂಪರ್ಕ ಕಡಿದಿರುವುದರಿಂದ ಬಡಿತ ನಿಧಾನವಾಗಿ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ; ಅವರಿಗೆ ಮೈ ಬೆಚ್ಚಗಾಗಲು ಹೆಚ್ಚು ಹೊತ್ತು ಬೇಕು. ಭುಜ ನೋವೆಂದು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುವುದು ನಮ್ಮೂರುಗಳಲ್ಲಿ ತೀರಾ ಸಾಮಾನ್ಯ. ಟ್ಯಾಕ್ರೊಲಿಮಸ್ ಜೊತೆಗೆ ಅವು ಕಿಡ್ನಿಗೆ ನೇರ ಪೆಟ್ಟು.

ನೀರಿನ ಆಯ್ಕೆಯೂ ಔಷಧಿಯಷ್ಟೇ ಮುಖ್ಯ. ಹರಿಹರದಲ್ಲಿ ತುಂಗಭದ್ರೆ ಮನೆಬಾಗಿಲಲ್ಲೇ ಹರಿಯುತ್ತಾಳೆ, ನಿಜ. ಆದರೆ ರೋಗನಿರೋಧಕ ಶಕ್ತಿಯನ್ನು ಔಷಧಿಯಿಂದಲೇ ತಗ್ಗಿಸಿಕೊಂಡ ಮೈಗೆ ಊರ ಚರಂಡಿ ಸೇರುವ ಜಾಗದ ನೀರು, ಮಳೆಗಾಲದ ಕೆಂಪು ಹೊಳೆ ಎರಡೂ ಅಪಾಯ. ಭತ್ತದ ಗದ್ದೆಗಳ ಸೀಮೆಯಲ್ಲಿ ಇಲಿಜ್ವರದ ಭಯವೂ ಇದೆ. ದೋಣಿ ಮಗುಚಿದಾಗ ಹೊರಬರುವ, ಮತ್ತೆ ಹತ್ತುವ ಅಭ್ಯಾಸದಲ್ಲಿ ತಲೆ ಮುಳುಗುವುದರಿಂದ ಅದನ್ನು ಕ್ಲೋರಿನ್ ಹಾಕಿದ ಈಜುಕೊಳದಲ್ಲೇ ಕಲಿಯುವುದು ಸರಿ. ನಂತರ ಊರಿನಿಂದ ಮೇಲ್ಭಾಗದ ಹೊಳೆ, ಅಥವಾ ಶರಾವತಿ ಹಿನ್ನೀರಿನ ಹೊನ್ನೆಮರಡು. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ನಡೆಸುವಂಥ ತರಬೇತಿ ಸೇರುವಾಗ ಕಾಯಿಲೆಯನ್ನು ಮುಚ್ಚಿಡಬಾರದು. ಗಾಯವಿದ್ದ ದಿನ ನೀರಿಗಿಳಿಯಬಾರದು. ಕಾಲಿನ ಸ್ಪರ್ಶಜ್ಞಾನ ಕಡಿಮೆಯಿರುವವರು ಬರಿಗಾಲಲ್ಲಿ ನಡೆಯಬಾರದು. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದೇ ದಿನ ಕಸಿಯ ವೈದ್ಯರಿಗೆ ಫೋನು ಹೋಗಬೇಕು.

ನೀರಿನ ಮೇಲೆ ಸಕ್ಕರೆ ಕುಸಿದರೆ ಕೈ ನಡುಗುತ್ತದೆ, ಮಾತು ತೊದಲುತ್ತದೆ. ಜೊತೆಗಾರರು ಅದನ್ನು ಬರೀ ದಣಿವೆಂದು ತಿಳಿಯುವುದೇ ದೊಡ್ಡ ಗಂಡಾಂತರ. ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ನಡುಕವೂ ಕಾಣದೆ ಬೆವರು ಮಾತ್ರ ಬರಬಹುದು. ಹೊರಡುವಾಗ ಗ್ಲೂಕೋಮೀಟರಿನ ಅಂಕಿ (mg/dL) 90ಕ್ಕಿಂತ ಕೆಳಗಿದ್ದರೆ ಮೊದಲು ಏನಾದರೂ ತಿನ್ನಬೇಕು. 70ಕ್ಕಿಂತ ಕೆಳಗಿಳಿದರೆ 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಆವರೆಗೆ ಜೊತೆಗಾರರು ತಮ್ಮ ದೋಣಿಯನ್ನು ಪಕ್ಕಕ್ಕೆ ತಂದು ಎರಡನ್ನೂ ಹಿಡಿದಿರಬೇಕು. ಗ್ಲೂಕೋಸ್ ಪುಡಿ ಇರಬೇಕಾದದ್ದು ಲೈಫ್ ಜಾಕೆಟಿನ ಜೇಬಿನಲ್ಲಿ, ಹಲ್ಲಿನಿಂದ ಹರಿಯಬಹುದಾದ ಪೊಟ್ಟಣದಲ್ಲಿ. ಮಂಡಕ್ಕಿ, ಬಾಳೆಹಣ್ಣು ದಡಕ್ಕೆ ಬಂದ ಮೇಲೆ. ಹುಟ್ಟು ಹಾಕುವ ದಿನ ಇನ್ಸುಲಿನ್ ತೋಳಿಗೆ ಬೇಡ, ಹೊಟ್ಟೆಗೆ ಇರಲಿ. ದುಡಿಯುವ ತೋಳಿನಿಂದ ಅದು ಬೇಗ ರಕ್ತಕ್ಕೆ ಸೇರುತ್ತದೆ. ಕಿಡ್ನಿ ಕಸಿಯಾದವರು ಮಾತ್ರ ಆ ಕಿಡ್ನಿಯ ಮೇಲ್ಭಾಗ ಬಿಟ್ಟು ಚುಚ್ಚಿಕೊಳ್ಳಬೇಕು. ಬಿಸಿಲಿಗೆ ಉದ್ದ ತೋಳಿನ ಅಂಗಿ, ಅಗಲ ಟೋಪಿ ಕಡ್ಡಾಯ: ಕಸಿಯ ಔಷಧಿಗಳಿಂದ ಚರ್ಮದ ಕ್ಯಾನ್ಸರಿನ ಸಾಧ್ಯತೆ ಹೆಚ್ಚು.

ಹೊಳೆಯ ತಾಲೀಮು ಮುಗಿಸಿ ಕಾರವಾರದ ಕಡಲಿಗೆ ಇಳಿಯುವ ಮೊದಲ ದಿನ ಇಬ್ಬರು ಕೂರುವ ಕಯಾಕಿನಲ್ಲಿ, ದಡ ಕಾಣುವಷ್ಟು ದೂರ ಸಾಕು. ಮಾತ್ರೆಗಳ ಇನ್ನೊಂದು ಕಟ್ಟು ದಡದಲ್ಲಿರುವವರ ಬಳಿ ಇರಬೇಕು. ಸಂಜೆ ಘಟ್ಟ ಹತ್ತಿ ಮರಳುವಾಗ ಟ್ಯಾಕ್ರೊಲಿಮಸ್‌ನ 12 ಗಂಟೆಯ ಅಂತರ ತಪ್ಪಬಾರದು. ದುಡಿದ ಸ್ನಾಯುಗಳು 24 ಗಂಟೆಯವರೆಗೂ ಸಕ್ಕರೆಯನ್ನು ಎಳೆದುಕೊಳ್ಳುವುದರಿಂದ, ಹರಿಹರ ತಲುಪಿ ಮಲಗುವ ಮುನ್ನ ಇನ್ನೊಮ್ಮೆ ಪರೀಕ್ಷೆ ಆಗಬೇಕು. ಅಂದು ರಾತ್ರಿ ಮನೆಯಲ್ಲಿ ಒಬ್ಬರೇ ಇರಬಾರದು.